ಮುಚ್ಚಿಗೆಯ ಜಂತಿಗಳು

ಬೋವಿಕಾನದ ನಮ್ಮ ಹಂಚಿನ ಮನೆ ರಿಪೇರಿಗೆ ಬಂದಾಗ, ಮುಚ್ಚಿಗೆ ಕಿತ್ತು ಕಾಂಕ್ರೀಟ್ ಹಾಕೋಣವೆಂದು ಗಲ್ಫಿನಲ್ಲಿರುವ ತಮ್ಮನ ಹಠ. ಉಮ್ಮನಿಗೆ ಅದು ಬೇಡ. ಅಜ್ಜ ನೆಟ್ಟ ಹಲಸನ್ನು ಉಪ್ಪ ಕಡಿಸಿ ಮಾಡಿಸಿದ ಜಂತಿಗಳವು.

ಆಚಾರಿ ಉಳಿಯಿಂದ ಚುಚ್ಚಿ ನೋಡಿದರು. ನಡುಭಾಗ ಕಲ್ಲಿನಂತಿತ್ತು, ಗೋಡೆಯೊಳಗೆ ಹೂತ ತುದಿಗಳು ಮಾತ್ರ ಕುಂಬಾಗಿದ್ದವು. ಮುರಕಲ್ಲು ಮಳೆನೀರು ಹೀರುತ್ತದೆ. ಗಾಳಿಯಾಡದ ಮರ ಮೊದಲು ಅಲ್ಲೇ ಕೊಳೆಯುತ್ತದೆ.

ಅಡಿಕೆ ಮರದ ಕಂಬಗಳ ಆಧಾರ ಕೊಟ್ಟು ಒಂದೊಂದೇ ಜಂತಿ ಬದಲಿಸಿದೆವು. ಹೊಸದರ ತುದಿಯ ಸುತ್ತ ಗಾಳಿಗೆಂದು ಬೆರಳಷ್ಟು ಜಾಗ ಬಿಟ್ಟೆವು. ತುದಿ ಕೊಯ್ದ ಹಳೆಯ ಜಂತಿಗಳು ಉಮ್ಮನ ಚಿಕ್ಕ ಕೋಣೆಗೆ ಸರಿಹೊಂದಿದವು. ವಿಡಿಯೋದಲ್ಲಿ ನೋಡಿದ ತಮ್ಮನೂ ಒಪ್ಪಿದ.

ನಿಮ್ಮ ಹಳೆ ಮನೆ ಕೆಡಹುವ ಮುಂಚೆ ಮರವನ್ನೊಮ್ಮೆ ತಟ್ಟಿ ನೋಡಿ. ಹಾಳಾದದ್ದು ಒಂದು ಗೇಣು ಮಾತ್ರ ಇರಬಹುದು.