ಟಿಕೆಟ್ಟಿನಲ್ಲೇ ಎಲ್ಲಾ ಸೇರಿದೆ

ಗೆಳೆಯ ಗೆಳತಿಯರೇ, ಪ್ರವಾಸದ ಬಗ್ಗೆ ಬರೆಯಿರಿ ಎಂದರೆ ನಾವೆಲ್ಲರೂ ಬೆಳಿಗ್ಗೆ ನಾಲ್ಕಕ್ಕೆ ಎದ್ದದ್ದು, ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡಿದ್ದು, ರಾತ್ರಿ ಸುಸ್ತಾಗಿ ಮನೆ ಸೇರಿದ್ದು ಇವನ್ನೇ ಬರೆಯುತ್ತೇವೆ. ಇದೇ ಗೋಡೆ ಪತ್ರಿಕೆಯಲ್ಲಿ ನಾನೂ ಹಾಗೇ ಬರೆದಿದ್ದೆ. ಅದರಲ್ಲಿ ಒಂದು ಸಂಗತಿ ಬಿಟ್ಟಿದ್ದೆ. ಈಗ ಅದನ್ನು ಬರೆಯುತ್ತಿದ್ದೇನೆ.

2024ರ ಡಿಸೆಂಬರಿನಲ್ಲಿ, ನಾವು ಒಂಬತ್ತನೇ ತರಗತಿಯಲ್ಲಿದ್ದಾಗ, ನೀರಾಟದ ಪಾರ್ಕಿಗೆ ಪ್ರವಾಸ ಹೋಗಿದ್ದೆವಲ್ಲ, ಆಗಿನ ಮಾತು ಇದು. ತಲೆಗೆ 850 ರೂಪಾಯಿ ಕಟ್ಟಬೇಕಿತ್ತು. ಬಸ್ಸು, ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಊಟ, ಪಾರ್ಕಿನ ಟಿಕೆಟ್ಟು ಎಲ್ಲಾ ಅದರಲ್ಲೇ. ನನ್ನ ಪಕ್ಕ ಕೂರುವ ಗೆಳೆಯ ಮೊದಲು ಬರೋದಿಲ್ಲ ಅಂದ. ಆ ವರ್ಷ ಅವರ ಹೊಲದಲ್ಲಿ ರಾಗಿ ಸರಿಯಾಗಿ ಆಗಿರಲಿಲ್ಲ. ನಾನು ಬಿಡಲಿಲ್ಲ. "850 ಕೊಟ್ಟುಬಿಟ್ರೆ ಆಯ್ತು ಕಣ್ಲಾ, ಒಳಗಡೆ ಒಂದು ರೂಪಾಯಿ ಖರ್ಚಿಲ್ಲ. ಟಿಕೆಟ್ಟಲ್ಲೇ ಎಲ್ಲಾ ಸೇರೈತೆ" ಅಂತ ಮೂರು ದಿನ ಅವನ ಹಿಂದೆ ಬಿದ್ದೆ. ಕೊನೆಗೆ ಅವರವ್ವ ಡೇರಿಯ ಬಟವಾಡೆ ದುಡ್ಡಿನಲ್ಲಿ 850 ಕಟ್ಟಿ, ಮೇಲೆ 50 ರೂಪಾಯಿ ಕೈಗೆ ಕೊಟ್ಟು ಕಳಿಸಿದರು. ನಮ್ಮಪ್ಪ ನನಗೆ 200 ಕೊಟ್ಟಿದ್ದರು.

ಪಾರ್ಕಿನ ಬಾಗಿಲಲ್ಲೇ ನಮ್ಮ ಚೀಲಗಳನ್ನು ಬಿಚ್ಚಿ ನೋಡಿದರು. ಮನೆಯಿಂದ ತಂದಿದ್ದ ಚಕ್ಕುಲಿ, ಕೋಡುಬಳೆ ಒಳಗೆ ಬಿಡೋದಿಲ್ಲ ಅಂದರು. ಅವನ್ನು ಬಸ್ಸಿನಲ್ಲಿ ಇಟ್ಟು ಬಂದೆವು. ಒಳಗೆ ಹೋದ ಮೇಲೆ ನೀರಿಗೆ ಇಳಿಯುವ ಕಡೆ ಒಂದು ಬೋರ್ಡು ಇತ್ತು. ಹತ್ತಿ ಬಟ್ಟೆ ಹಾಕಿಕೊಂಡು ನೀರಿಗೆ ಇಳಿಯುವ ಹಾಗಿಲ್ಲ, ನೈಲಾನ್ ಬಟ್ಟೆಯೇ ಬೇಕು. ಇಲ್ಲದವರು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಬೇಕು, ಬಾಡಿಗೆ 80 ರೂಪಾಯಿ. ಬಿಚ್ಚಿದ ಬಟ್ಟೆ ಇಡೋದಕ್ಕೆ ಲಾಕರು ಬೇಕಾದರೆ 100 ರೂಪಾಯಿ. ಬೋರ್ಡು ನೋಡುತ್ತಿದ್ದ ಹಾಗೇ ನಾನು ಗೆಳೆಯನ ಮುಖ ನೋಡಿದೆ. ಅವನು ಜೇಬಿನಲ್ಲಿ ಕೈ ಇಟ್ಟುಕೊಂಡಿದ್ದ. ಆ ಜೇಬಿನಲ್ಲಿ 50 ಇದೆ ಅಂತ ನನಗೆ ಗೊತ್ತಿತ್ತು.

ಮೇಷ್ಟ್ರು ಬಂದು "ಯಾಕೋ, ಬಟ್ಟೆ ತಗೊಳ್ಳಲಿಲ್ವಾ?" ಅಂತ ಕೇಳಿದರು. "ಕಿವಿ ನೋವು ಸಾರ್, ನೀರಿಗೆ ಇಳೀಬೇಡ ಅಂತ ಅವ್ವ ಹೇಳೈತೆ" ಅಂದ. ಅವನು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಾವು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ನಾವು ಐದು ಜನ ಒಂದು ಲಾಕರು ತೆಗೆದುಕೊಂಡಿದ್ದರೆ ತಲೆಗೆ 20 ರೂಪಾಯಿ ಆಗುತ್ತಿತ್ತು. ಆದರೆ ಯಾರೋ ಒಬ್ಬ "ಇವನು ಹೆಂಗೂ ಕೂತಿರ್ತಾನಲ್ಲ, ಇವನ ಹತ್ರಾನೇ ಇಡಾನ ಬನ್ರೋ" ಅಂದ. ಐದು ಜನದ ಬಟ್ಟೆ, ಚಪ್ಪಲಿ, ದುಡ್ಡು ಎಲ್ಲಾ ಅವನ ಮಡಿಲಿಗೆ ಬಂತು. ಅವನೇ ನಮ್ಮ ಲಾಕರ್ ಆದ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ, ಊಟದ ಹೊತ್ತು ಬಿಟ್ಟು, ಸಿಮೆಂಟು ಕಟ್ಟೆ ಮೇಲೆ ಕೂತಿದ್ದ. ನಾವು ಜಾರುಬಂಡೆಯಿಂದ ಜಾರಿ ದಬಕ್ಕನೆ ನೀರಿಗೆ ಬಿದ್ದಾಗೆಲ್ಲಾ ಕೈ ಎತ್ತಿ ಬೀಸುತ್ತಿದ್ದ.

ಬಾಡಿಗೆ ಬಟ್ಟೆಗೆ 80 ಕೊಟ್ಟ ಮೇಲೂ ನನ್ನ ಹತ್ತಿರ 120 ಉಳಿದಿತ್ತು. ಅದರಲ್ಲಿ 100 ರೂಪಾಯಿ ಕೊಟ್ಟು, ನೀರಿಗೆ ಬೀಳುವಾಗ ಅವರು ತೆಗೆದ ನನ್ನ ಫೋಟೋ ಕೊಂಡೆ. ಗೆಳೆಯನಿಗೆ ಬೇಕಾಗಿದ್ದದ್ದು 30 ರೂಪಾಯಿ ಮಾತ್ರ. ಈ ಲೆಕ್ಕ ಎರಡನೇ ತರಗತಿಯ ಮಕ್ಕಳಿಗೂ ಬರುತ್ತದೆ. ಆವತ್ತು ನನಗೆ ಬರಲಿಲ್ಲ.

ಮೊನ್ನೆ ಸಮಾಜ ವಿಜ್ಞಾನದ ಮೇಷ್ಟ್ರ ಹತ್ತಿರ ಇದನ್ನೆಲ್ಲಾ ಹೇಳಿಕೊಂಡೆ. ಅವರು ಬಯ್ಯಲಿಲ್ಲ. "ಇದು ನಿಮ್ಮ ಪಾರ್ಕಿನ ಕಥೆ ಮಾತ್ರ ಅಲ್ಲಪ್ಪ, ಇದರ ದೊಡ್ಡಣ್ಣ ಅಮೆರಿಕದಲ್ಲಿದ್ದಾನೆ" ಅಂತ ಡಿಸ್ನಿ ಕಂಪನಿಯ ವಿಷಯ ಹೇಳಿದರು. ಕೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ವಾಲ್ಟ್ ಡಿಸ್ನಿ ಎಂಬುವವರು ಕ್ಯಾಲಿಫೋರ್ನಿಯಾದ ಅನಾಹೈಮ್ ಎಂಬ ಊರಿನಲ್ಲಿ ಡಿಸ್ನಿಲ್ಯಾಂಡ್ ಪಾರ್ಕನ್ನು 1955ರ ಜುಲೈ 17ರಂದು ತೆರೆದರು. ಆವತ್ತು ಬಿಸಿಲೋ ಬಿಸಿಲು. ಕೊಳಾಯಿ ಕೆಲಸಗಾರರ ಮುಷ್ಕರ ನಡೆದಿದ್ದರಿಂದ ಕುಡಿಯುವ ನೀರಿನ ನಲ್ಲಿ, ಶೌಚಾಲಯ ಎರಡನ್ನೂ ಪೂರ್ತಿ ಮುಗಿಸಲು ಆಗಿರಲಿಲ್ಲ. ಡಿಸ್ನಿ ಶೌಚಾಲಯ ಮೊದಲು ಆಗಲಿ ಎಂದರು. ಬಂದ ಜನ ಬಾಯಾರಿ, ಸೋಡಾ ಪಾನೀಯ ಮಾರೋದಕ್ಕೇ ನೀರು ಬಿಟ್ಟಿಲ್ಲ ಅಂತ ಅನುಮಾನಪಟ್ಟರಂತೆ. ಆಗ ಒಳಗೆ ಹೋಗಲು ದೊಡ್ಡವರಿಗೆ ಒಂದು ಡಾಲರು, ಮಕ್ಕಳಿಗೆ ಅರ್ಧ ಡಾಲರು. ಒಳಗೆ ಒಂದೊಂದು ಆಟಕ್ಕೂ ಬೇರೆ ದುಡ್ಡು. ಆಮೇಲೆ ಆಟದ ಚೀಟಿಗಳ ಪುಸ್ತಕ ಮಾಡಿದರು. 'ಎ' ಚೀಟಿಗೆ ಸಣ್ಣ ಆಟ, 'ಇ' ಚೀಟಿಗೆ ಎಲ್ಲಕ್ಕಿಂತ ದೊಡ್ಡ ಆಟ. 1982ರಲ್ಲಿ ಆ ಚೀಟಿಗಳನ್ನು ನಿಲ್ಲಿಸಿ, ಒಂದೇ ಟಿಕೆಟ್ಟು ತಗೊಂಡರೆ ಎಲ್ಲಾ ಆಟವೂ ಸೇರಿತು ಎಂದು ಮಾಡಿದರು.

1999ರಲ್ಲಿ ಇನ್ನೂ ಒಂದು ಅನುಕೂಲ ಬಂತು. ಆಟದ ಹತ್ತಿರ ಇರುವ ಯಂತ್ರದಲ್ಲಿ ಒಂದು ಚೀಟಿ ತೆಗೆದುಕೊಂಡು, ಅದರಲ್ಲಿ ಹೇಳಿದ ಹೊತ್ತಿಗೆ ಹೋದರೆ ಉದ್ದದ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಅದಕ್ಕೆ ಫಾಸ್ಟ್‌ಪಾಸ್ ಅಂತ ಹೆಸರು. ಪುಕ್ಕಟೆ. ಕೊರೊನಾ ಬಂದು 2020ರಲ್ಲಿ ಪಾರ್ಕು ಮುಚ್ಚಿದವು. ಮತ್ತೆ ತೆರೆದಾಗ ಪುಕ್ಕಟೆ ಚೀಟಿ ಇರಲಿಲ್ಲ. 2021ರ ಅಕ್ಟೋಬರಿನಲ್ಲಿ ಫ್ಲೋರಿಡಾದ ಪಾರ್ಕಿನಲ್ಲಿ ಅದೇ ಅನುಕೂಲಕ್ಕೆ ದಿನಕ್ಕೆ ತಲೆಗೆ 15 ಡಾಲರು ಎಂದು ಶುರುವಾಯಿತು. ಅಲ್ಲಿನ ಹೋಟೆಲಿನಲ್ಲಿ ಇಳಿದವರಿಗೆ ಪುಕ್ಕಟೆ ಕೊಡುತ್ತಿದ್ದ ಕೈಪಟ್ಟಿ 2021ರ ಆರಂಭದಿಂದ ನಿಂತಿತು. 2005ರಿಂದ ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತಿದ್ದ ಪುಕ್ಕಟೆ ಬಸ್ಸು 2022ರ ಜನವರಿಯಲ್ಲಿ ನಿಂತಿತು. ಆದರೆ ಹೋಟೆಲಿನಲ್ಲಿ ಇಳಿದವರ ಕಾರು ನಿಲ್ಲಿಸಲು 2018ರಲ್ಲಿ ಹಾಕಿದ್ದ ರಾತ್ರಿ ಬಾಡಿಗೆಯನ್ನು 2023ರಲ್ಲಿ ತೆಗೆದುಹಾಕಿದರು. ಹಾಕಿದವರು ತೆಗೆಯಲೂಬಹುದು ಎಂಬುದಕ್ಕೆ ಇದು ಸಾಕ್ಷಿ ಎಂದರು ಮೇಷ್ಟ್ರು.

"ಯಾಕೆ ಸಾರ್ ಹಿಂಗೆ? ಟಿಕೆಟ್ಟಿಗೇ ಸೇರಿಸಿಬಿಡಬಹುದಲ್ಲ?" ಅಂತ ಕೇಳಿದೆ. ಮೇಷ್ಟ್ರು ನಕ್ಕು, "ಊರಿಗೆ ಬಂದವಳು ನೀರಿಗೆ ಬಾರದೇ ಇರ್ತಾಳಾ ಅಂತ ಗಾದೆ ಕೇಳಿಲ್ವಾ?" ಅಂದರು. ಹೊರಗೆ ಇರುವಾಗ ಜನ ಈ ಪಾರ್ಕಿನ ಟಿಕೆಟ್ಟು ಎಷ್ಟು, ಆ ಪಾರ್ಕಿನದು ಎಷ್ಟು ಎಂದು ಹೋಲಿಸಿ ನೋಡುತ್ತಾರೆ. ಅದಕ್ಕೇ ಟಿಕೆಟ್ಟು ಸಸ್ತಾ ಕಾಣಬೇಕು. ಒಳಗೆ ಬಂದ ಮೇಲೆ ಹೋಲಿಸಲು ಬೇರೆ ಅಂಗಡಿಯೇ ಇಲ್ಲ. ಅಲ್ಲಿ ಹೇಳಿದ್ದೇ ಬೆಲೆ.

ಪಾರ್ಕಿನವರ ಕಡೆಯೂ ನ್ಯಾಯ ಇದೆ ಎಂದು ಮೇಷ್ಟ್ರು ಹೇಳಿದರು. ಹತ್ತಿ ಬಟ್ಟೆಯ ಎಳೆ ಬಿಟ್ಟು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ನೈಲಾನ್ ಕೇಳೋದು ತಪ್ಪಲ್ಲ. ಲಾಕರು ಎಲ್ಲರಿಗೂ ಬೇಕಾಗೋದಿಲ್ಲ, ಬೇಡದವನು ಯಾಕೆ ಅದರ ದುಡ್ಡು ಕೊಡಬೇಕು? ಇದು ಸರಿಯಾದ ಪ್ರಶ್ನೆಯೇ. ನಾನು ಎರಡು ದಿನ ಯೋಚನೆ ಮಾಡಿದೆ. ನನಗೆ ತೋಚಿದ್ದು ಇಷ್ಟು. ಫೋಟೋ, ಗೊಂಬೆ, ಐಸ್‌ಕ್ರೀಮು ಬೇಕಾದವರು ಕೊಳ್ಳಲಿ, ಅದಕ್ಕೆ ಎಷ್ಟಾದರೂ ಬೆಲೆ ಇಡಲಿ. ಆದರೆ ಯಾವುದು ಇಲ್ಲದಿದ್ದರೆ ಕೊಂಡ ಟಿಕೆಟ್ಟೇ ದಂಡವೋ ಅದು 'ಹೆಚ್ಚಿನದು' ಅಲ್ಲ. ನೀರಾಟದ ಟಿಕೆಟ್ಟು ಕೊಟ್ಟು, ನೀರಿಗೆ ಇಳಿಯುವ ಬಟ್ಟೆಗೆ ಬೇರೆ ದುಡ್ಡು ಅಂದರೆ, ಊಟಕ್ಕೆ ಕರೆದು ಎಲೆಗೆ ದುಡ್ಡು ಕೇಳಿದ ಹಾಗೆ.

ನಮ್ಮೂರ ಜಾತ್ರೆಯಲ್ಲೂ ತಿರುಗುವ ತೊಟ್ಟಿಲಿಗೆ ದುಡ್ಡು ಕೊಡುತ್ತೇವೆ. ಆದರೆ ಅಲ್ಲಿ ಬೆಲೆ ದೂರದಿಂದಲೇ ಕೂಗಿ ಹೇಳುತ್ತಾರೆ. ದುಡ್ಡು ಇದ್ದರೆ ಹತ್ತುತ್ತೇವೆ, ಇಲ್ಲದಿದ್ದರೆ ನಿಂತು ನೋಡುತ್ತೇವೆ. ನೋಡಿದ್ದಕ್ಕೆ 850 ಯಾರೂ ಕೇಳಿಲ್ಲ. ಬಾಯಾರಿದರೆ ಅರವಟ್ಟಿಗೆ ಇರುತ್ತದೆ. ಪಾನಕ, ಮಜ್ಜಿಗೆ ಕೊಡುವವರು ನಿನ್ನ ಜೇಬಿನಲ್ಲಿ ಎಷ್ಟಿದೆ ಎಂದು ಕೇಳುವುದಿಲ್ಲ.

ಇನ್ನೊಂದು ಮಾತು. ದೊಡ್ಡ ದುಡ್ಡನ್ನು ಮನೆಯಲ್ಲಿ ಕೇಳುತ್ತೇವೆ. ಅಪ್ಪ ಅವ್ವ ಲೆಕ್ಕ ಹಾಕಿ ಆಗುತ್ತದೆ, ಇಲ್ಲವೇ ಆಗೋದಿಲ್ಲ ಅನ್ನುತ್ತಾರೆ. ಅದರಲ್ಲಿ ಅವಮಾನ ಇಲ್ಲ. ಈ ಸಣ್ಣ ದುಡ್ಡನ್ನು ಕೇಳೋದು ಮನೆಯಲ್ಲಿ ಅಲ್ಲ, ಗೆಳೆಯರ ಎದುರಿಗೆ, ಕ್ಯೂನಲ್ಲಿ ನಿಂತಾಗ. ಅಲ್ಲಿ ಇಲ್ಲ ಅನ್ನೋದಕ್ಕೆ ಬಾಯಿ ಬರೋದಿಲ್ಲ. ಕಿವಿ ನೋವು ಅನ್ನಬೇಕಾಗುತ್ತದೆ. 80 ರೂಪಾಯಿ ಸಣ್ಣದು ಅಂತ ಬೋರ್ಡು ಬರೆದವರು ತಿಳಿದಿರಬಹುದು. ಅದು ಯಾರಿಗೆ ಸಣ್ಣದು?

ಪಾರ್ಕಿನವರ ತಪ್ಪನ್ನು ಹೇಳಿ ನನ್ನ ತಪ್ಪನ್ನು ಮುಚ್ಚಿಕೊಳ್ಳುವುದಿಲ್ಲ. ವಿಚಾರಿಸದೆ "ಎಲ್ಲಾ ಸೇರೈತೆ" ಅಂದವನು ನಾನು. 30 ರೂಪಾಯಿ ಕೊಡದೆ ಫೋಟೋ ಕೊಂಡವನೂ ನಾನು. ಆ ಫೋಟೋದಲ್ಲಿ ಹಿಂದುಗಡೆ ಕಟ್ಟೆಯ ಮೇಲೆ ಬಟ್ಟೆ ಗಂಟು ಇಟ್ಟುಕೊಂಡು ಕೂತಿರುವ ಅವನೂ ಸಣ್ಣದಾಗಿ ಕಾಣುತ್ತಾನೆ. ಮನೆಗೆ ಬಂದ ಮೇಲೆ ಅದನ್ನು ನೋಡಿದೆ. ಆವತ್ತಿನಿಂದ ಆ ಫೋಟೋ ಯಾರಿಗೂ ತೋರಿಸಿಲ್ಲ.

ಇದನ್ನು ಅವನ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ. "ಬರಿ, ನನ್ನ ಹೆಸರು ಹಾಕಬೇಡ" ಅಂದ. ತಪ್ಪಾಯಿತು ಕಣೋ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡ್ಲಾ. ಮುಂದಿನ ಸಲ ಎಷ್ಟಾಗ್ತದೆ ಅಂತ ಮೊದಲೇ ಸರಿಯಾಗಿ ಹೇಳು. ಆಗದಿದ್ರೆ ಬರಾಕಿಲ್ಲ ಅಂತೀನಿ" ಅಂದ.

ಆದ್ದರಿಂದ ಗುರುಗಳಲ್ಲಿ ನನ್ನದೊಂದು ವಿನಂತಿ. ಇನ್ನು ಮೇಲೆ ಪ್ರವಾಸ ಗೊತ್ತು ಮಾಡುವ ಮೊದಲು ಒಳಗಿನ ಎಲ್ಲಾ ಖರ್ಚನ್ನೂ ವಿಚಾರಿಸಿ, ಬಟ್ಟೆ ಬಾಡಿಗೆಯನ್ನೂ ಸೇರಿಸಿ, ಒಂದೇ ಮೊತ್ತ ಹೇಳಬೇಕು. ಮೊತ್ತ ಜಾಸ್ತಿಯಾದರೆ ಬೇರೆ ಜಾಗಕ್ಕೆ ಹೋಗೋಣ. ಗೆಳೆಯರೇ, ವಿಚಾರಿಸುವ ಕೆಲಸ ನಾನು ಮಾಡುತ್ತೇನೆ. ಖರ್ಚಿನ ಪಟ್ಟಿಯನ್ನು ಇದೇ ಗೋಡೆ ಪತ್ರಿಕೆಯ ಕೆಳಗೆ ಅಂಟಿಸುತ್ತೇನೆ. ಓದಿ, ಮನೆಯಲ್ಲಿ ತೋರಿಸಿ, ಆಮೇಲೆ ಹೆಸರು ಕೊಡಿ.

ಬರಹದಲ್ಲಿ ತಪ್ಪಿದ್ದರೆ ತಿದ್ದಬೇಕಾಗಿ ಕೋರುತ್ತೇನೆ.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ