ತೀರ್ಥವೂ ನೋಟವೂ

ಸೂರ್ಯೋದಯಕ್ಕೆ ಮುನ್ನವೇ ನಂಜನಗೂಡಿನ ಸ್ನಾನಘಟ್ಟವು ಎಚ್ಚರಗೊಳ್ಳುತ್ತದೆ. ದೂರದೂರುಗಳಿಂದ ಬಂದ ಯಾತ್ರಿಕರು ಕಪಿಲೆಯಲ್ಲಿ ಮಿಂದು, ಒದ್ದೆಬಟ್ಟೆಯಲ್ಲಿಯೇ ಶ್ರೀಕಂಠೇಶ್ವರನ ದರ್ಶನಕ್ಕೆ ಧಾವಿಸುವರು. ಹದಿನಾರು ಕಾಲಿನ ಮಂಟಪದ ನೆರಳು ನೀರಿನಲ್ಲಿ ನಡುಗುವುದನ್ನಾಗಲಿ, ಮಾಗಿಯ ಮಂಜು ಹೊಳೆಯ ಮೇಲಿಂದ ಮೆಲ್ಲನೆದ್ದು ಆಚೆ ದಡದ ಮರಗಳನ್ನು ಒಂದೊಂದಾಗಿ ಬಿಟ್ಟುಕೊಡುವುದನ್ನಾಗಲಿ ನಿಂತು ನೋಡುವವರು ವಿರಳ. ನದಿಯು ತೀರ್ಥವೆಂಬುದನ್ನು ಬಲ್ಲದವರಿಲ್ಲ. ಅದು ಕಣ್ಣಿಗೊಂದು ನೋಟವೂ ಅಹುದೆಂಬುದನ್ನು ನೆನೆಯುವವರು ಸ್ವಲ್ಪ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಔಷಧಕ್ಕೆ ಮಾತ್ರವಲ್ಲ, ಚೆಲುವಿಗೂ ಸಲ್ಲುತ್ತದೆ.

ಈ ಗಾದೆಯನ್ನು ಸುಳ್ಳುಮಾಡಿದ ಚಿತ್ರಕಾರರೊಬ್ಬರು ಸ್ವೀಡನ್ ದೇಶದಲ್ಲಿದ್ದರು. ಗುಸ್ತಾಫ್ ಫ್ಯೇಸ್ತಾದ್ (1868–1948) ಎಂಬವರು ಹುಟ್ಟಿದುದು ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ. ಬಾಳಿದುದು ವೆರ್ಮ್‌ಲಾಂಡ್ ಪ್ರಾಂತದ ರಾಕೆನ್ ಸರೋವರದ ಮಗ್ಗುಲಲ್ಲಿ. ಪತ್ನಿ ಮಾಯಾ ಕೂಡ ಚಿತ್ರಗಾರ್ತಿ. ಅವರ ಸುತ್ತ ಕಲಾವಿದರ ಬಳಗವೊಂದು ಅಲ್ಲಿಯೇ ನೆಲೆಗೊಂಡಿತು. ಫ್ಯೇಸ್ತಾದರ ಚಿತ್ರಗಳಿಗೆ ವಸ್ತುವನ್ನು ಒದಗಿಸಿದುದು ಆ ನೆರೆಹೊರೆಯೇ: ಕೊಂಬೆಗಳ ಮೇಲೆ ಕುಳಿತ ಹಿಮ, ಹೆಪ್ಪುಗಟ್ಟದೆ ಉಳಿದ ತೊರೆಯ ಸುಳಿಗಳು, ಮಂಜುಗಡ್ಡೆಯ ಮೇಲೆ ಬಿದ್ದ ಬೆಳದಿಂಗಳು. ಹಾದಿಗೆ ಅಡ್ಡವೆಂದು ಊರವರು ಗೋರಿ ಬಿಸುಡುವ ಹಿಮವು ಅವರ ಕಣ್ಣಿಗೆ ಬಣ್ಣಗಳ ಭಂಡಾರವಾಗಿ ಕಂಡಿತು.

ಕನ್ನಡನಾಡಿನಲ್ಲಿ ನಿಸರ್ಗವನ್ನು ಇಂಥ ನಿಷ್ಠೆಯಿಂದ ಕಂಡವರು ಯಾರೆಂದು ಕೇಳಿದರೆ, ಕೆ. ವೆಂಕಟಪ್ಪನವರ ಹೆಸರು ಮೊದಲು ನೆನಪಿಗೆ ಬರುವುದು. ಅವರು 1886ರಲ್ಲಿ ಮೈಸೂರಿನ ಅರಮನೆಯ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಮೈಸೂರು ಸಂಪ್ರದಾಯದ ಚಿತ್ರದಲ್ಲಿ ದೇವರಿಗೆ ಚಿನ್ನದ ರೇಕಿನ ಪ್ರಭೆಯುಂಟು. ಗಿಡ, ಗುಡ್ಡ, ಹೊಳೆಗಳು ಆ ದೇವರ ಪರಿವಾರಕ್ಕೆ ಸೇರಿದ ಅಲಂಕಾರಗಳು ಮಾತ್ರ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಗೆ ತೆರಳಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರು ಅಲ್ಲಿ ಅವರ ಜೊತೆಗಾರರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥವು 1913ರಲ್ಲಿ ಹೊರಬಂದಾಗ, ಅದರಲ್ಲಿ ವೆಂಕಟಪ್ಪನವರು ಬರೆದ ರಾಮಾಯಣದ ಚಿತ್ರಗಳಿದ್ದುವು. ಸ್ವದೇಶಕ್ಕೆ ಹಿಂದಿರುಗಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಸಿಸಿದರು. ಅವರು ವಿವಾಹವಾಗಲಿಲ್ಲ, ಕಲೆಯೊಂದೇ ಅವರ ಸಂಸಾರ.

ವಯಸ್ಸು ನಲವತ್ತಾದ ಮೇಲೆ ಅವರ ಕುಂಚವು ಬೆಟ್ಟಗಳ ಕಡೆಗೆ ತಿರುಗಿತು. 1926ರಿಂದ ಕೆಲವು ವರ್ಷಗಳ ಕಾಲ ಉದಕಮಂಡಲ, ಕೊಡೈಕೆನಾಲ್‌ಗಳ ನೋಟಗಳನ್ನು ಜಲವರ್ಣದಲ್ಲಿ ಬರೆದರು. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯು ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು, ಬಂಡೀಪುರದ ಕಾಡನ್ನು ಹೊಕ್ಕು ನೀಲಗಿರಿಯನ್ನು ಏರುತ್ತದೆಯಷ್ಟೆ. ಆ ಮೇಲ್ನಾಡಿನ ಕೆರೆಯು 1820ರ ದಶಕದಲ್ಲಿ ಸಲ್ಲಿವನ್ ದೊರೆಯು ತೊರೆಗೆ ಕಟ್ಟೆ ಹಾಕಿಸಿ ಮಾಡಿಸಿದುದು. ಸ್ನಾನಫಲವನ್ನು ಬಯಸಿ ಅದರಲ್ಲಿ ಮೀಯಲು ಹೋಗುವವರಿಲ್ಲ. ಅಂಥ ಎಡೆಯಲ್ಲಿ ನೀರನ್ನು ನೀರಾಗಿಯೂ ಮಂಜನ್ನು ಮಂಜಾಗಿಯೂ ನೋಡುವುದು ಸುಲಭವಾಯಿತೋ ಏನೋ! ವೆಂಕಟಪ್ಪನವರ ಆ ಚಿತ್ರಗಳಲ್ಲಿ ದೇವರಿಲ್ಲ, ದೊರೆಯಿಲ್ಲ, ಕಥೆಯಿಲ್ಲ. ಮಳೆಗಾಲದ ಮೋಡ, ಕಣಿವೆಯ ಮಬ್ಬು, ಗುಡ್ಡದ ಮೇಲಣ ಬೆಳದಿಂಗಳು: ಇವೇ ಅಲ್ಲಿಯ ನಾಯಕರು. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಉಳಿಸಿದ ಕಾಗದದ ಬಿಳುಪು. ಚಿನ್ನದ ರೇಕಿನ ಮನೆತನದಲ್ಲಿ ಹುಟ್ಟಿದವರು ಈ ಬರಿಯ ಬಿಳುಪನ್ನು ನಂಬಿದುದು ಸಾಮಾನ್ಯವಾದ ಮಾತಲ್ಲ. 1965ರಲ್ಲಿ ಅವರು ಕಾಲವಾದರು; ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರ ಹೆಸರನ್ನೇ ಇಟ್ಟಿದೆ.

ದೇವರನ್ನು ಬಿಟ್ಟು ಬರಿಯ ಬೆಟ್ಟವನ್ನು ಬರೆದರೆ ಚಿತ್ರದಲ್ಲಿ ಉಳಿಯುವುದೇನೆಂದು ಶ್ರದ್ಧಾವಂತರು ಕೇಳಬಹುದು. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಒಂದು ಮೋಡದ ಅಂಚನ್ನು ಬರೆಯಲು ಎಷ್ಟು ಹೊತ್ತು ಅದನ್ನೇ ದಿಟ್ಟಿಸಬೇಕು, ಎಷ್ಟು ತಾನೆಂಬುದನ್ನು ಮರೆಯಬೇಕು! ಅಷ್ಟು ಏಕಾಗ್ರತೆಯು ಪೂಜೆಗೆ ದೂರವಾದುದಲ್ಲ. ಆ ಸ್ವೀಡನ್ನಿನ ಚಿತ್ರಕಾರರಿಗೆ ಇದು ಮನೆಯ ಬಾಗಿಲಲ್ಲಿಯೇ ದೊರೆಯಿತು. ವೆಂಕಟಪ್ಪನವರು ಅದಕ್ಕಾಗಿ ಬೆಟ್ಟವನ್ನೇರಿದರು. ಏರಿ ಪಡೆದ ಕಣ್ಣನ್ನು ಇಳಿಸಿ ತಂದು ಮನೆಯ ಮುಂದಣ ಹೊಳೆಯ ಮೇಲಿಡುವುದು ಉಳಿದವರ ಪಾಲಿನ ಕೆಲಸ.

ಆ ಹೊಳೆಯಾದರೂ ದೂರವಿಲ್ಲ. ನಂಜನಗೂಡನ್ನು ದಾಟಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಸ್ಫಟಿಕ ಸರೋವರವೆಂಬ ಮೂರನೆಯ ನೀರು ಗುಪ್ತವಾಗಿ ಅಲ್ಲಿ ಕೂಡುವುದೆಂದು ಆಸ್ತಿಕರ ನಂಬಿಕೆ. 1989ರಲ್ಲಿ ಆ ಸಂಗಮದಲ್ಲಿ ಕುಂಭಮೇಳವೂ ಮೊದಲಾಯಿತು. ದಡದ ಗುಡಿಯಲ್ಲಿ ಗುಂಜಾ ನರಸಿಂಹನಿದ್ದಾನೆ. ಕಾಶಿಗಿಂತ ಈ ಕ್ಷೇತ್ರದ ಮಹಿಮೆ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚೆಂದು ಸ್ಥಳದ ಐತಿಹ್ಯವು ಹೇಳುತ್ತದೆ. ಕಾಣದ ಮೂರನೆಯ ನೀರನ್ನು ನಂಬತಕ್ಕವರು ಕಾಣುವ ಎರಡು ನೀರುಗಳನ್ನು ಕಣ್ದಣಿಯ ನೋಡಬಾರದೇಕೆ? ಮಿಂದು ಮೇಲೆ ಬಂದ ಯಾತ್ರಿಕನು ಮೆಟ್ಟಿಲ ಮೇಲೆ ಒಂದು ಗಳಿಗೆ ಹಿಂದಿರುಗಿ ನಿಂತರೆ, ಸ್ನಾನದ ಪುಣ್ಯವು ಅದರಿಂದ ಕಳೆಯಲಾರದು, ಗುಲಗಂಜಿಯಷ್ಟಾದರೂ ಕೂಡೀತು.