ತಿಪಟೂರಿನ ಬಂಡಿಯಲ್ಲಿ ಅಜ್ಮೀರದ ಯಾತ್ರಿಕರು

ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುಬಂಡಿಯು ತುಮಕೂರನ್ನು ದಾಟಿತೆಂದರೆ ತೆಂಗಿನ ಸೀಮೆಯು ಕಣ್ಣಿಗೆ ಬೀಳತೊಡಗುವುದು. ಕಾಯಿಗಳನ್ನು ಹಲವು ತಿಂಗಳು ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಇಂಗಿದ ಬಳಿಕ ಉಂಡೆಕೊಬ್ಬರಿ ತೆಗೆಯುವ ನಮ್ಮ ತಿಪಟೂರಿನವರ ತಾಳ್ಮೆಯನ್ನು ವಾಚಕರು ಬಲ್ಲರು. ಮನುಷ್ಯರ ವಿಷಯದಲ್ಲಿ ನಮಗೆ ಅಷ್ಟು ತಾಳ್ಮೆ ಇರಲಿಲ್ಲವೆಂಬುದು ಈಚಿನ ಒಂದು ಪ್ರಯಾಣದಲ್ಲಿ ನೆನಪಿಗೆ ಬಂದಿತು.

ನಮ್ಮ ಎದುರಿಗೆ ಸೆರಗು ಹೊದ್ದು, ಜಪಸರ ಹಿಡಿದ ಹಿರಿಯರೊಬ್ಬರು ಕುಳಿತಿದ್ದರು. ಲೋಕವು ಮಂಗಳಮುಖಿಯರೆಂದು ಕರೆಯುವ ಪಂಗಡದವರು, ಮತದಿಂದ ಮುಸಲ್ಮಾನರು. ಅಜ್ಮೀರದ ಖ್ವಾಜಾ ಮುಯೀನುದ್ದೀನ್ ಚಿಶ್ತಿಯವರ ಉರುಸನ್ನು ಮುಗಿಸಿ ಬರುತ್ತಿದ್ದರು. ರಜಬ್ ತಿಂಗಳಿನ ಆ ಉರುಸಿಗೆ ಇವರ ಪಂಗಡದವರು ನಾನಾ ದೇಶಗಳಿಂದ ಬಂದು ಸೇರುವುದುಂಟು. ಅವರನ್ನು ಏನೆಂದು ಕರೆಯಬೇಕೆಂದು ತೋಚದೆ ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವರೇ ಮಾತು ತೆಗೆದರು.

ಇವರ ಸಂಸಾರವು ಗುರುಕುಲದಂತೆ. ಸೇರಿಸಿಕೊಂಡವರು ಗುರು, ಸೇರಿದವರು ಚೇಲಾ, ಗುರುವಿನ ಗುರು ನಾನಿ, ಅಂದರೆ ಅಜ್ಜಿ. ಹಿಂದೂ ಮನೆಗಳಲ್ಲಿ ಹುಟ್ಟಿ ಬಂದ ಕೆಲವರು ರಂಜಾನಿನ ಉಪವಾಸ ಹಿಡಿಯುತ್ತಾರೆ. ಮುಸಲ್ಮಾನರಲ್ಲಿ ಕೆಲವರು ಗುಜರಾತಿನ ಬಹುಚರಾ ಮಾತೆಗೆ ನಡೆದುಕೊಳ್ಳುತ್ತಾರೆ. ದೆಹಲಿಯ ಮೆಹ್ರೌಲಿಯಲ್ಲಿ ಲೋದಿ ಅರಸರ ಕಾಲದ್ದೆನ್ನುವ ಇವರ ಗೋರಿಗಳ ಖಾನ್‌ಖಾ ಇಂದಿಗೂ ಉಂಟು.

ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ, ದೇಹಲಕ್ಷಣದಿಂದ ಗಂಡೆಂದಾಗಲಿ ಹೆಣ್ಣೆಂದಾಗಲಿ ನಿರ್ಣಯಿಸಲಾಗದವರಿಗೆ ಖುನ್ಸಾ ಎಂಬ ಹೆಸರು. ಅವರು ಗಂಡಸರ ಸಾಲಿಗೆ ಹಿಂದೆ, ಹೆಂಗಸರ ಸಾಲಿಗೆ ಮುಂದೆ ನಿಂತು ನಮಾಜು ಮಾಡಬೇಕೆಂದು ವಿಧಿ. ಶಾಸ್ತ್ರವು ಅವರಿಗೊಂದು ಜಾಗವನ್ನು ಬಿಟ್ಟಿತ್ತು! ತಾವು ಎಲ್ಲಿ ನಿಲ್ಲುವಿರೆಂದು ಕೇಳಿದೆವು.

“ಮನೆಯಲ್ಲೇ ಓದಿಕೊಳ್ಳುತ್ತೇನೆ, ಮೇಷ್ಟ್ರೇ. ನಮ್ಮ ಗುರು ಗಂಡುಬಟ್ಟೆ ತೊಟ್ಟು ಹಜ್ ಮುಗಿಸಿ ಬಂದರು. ನಮಾಜು ಹೇಗೋ ಆಗುತ್ತದೆ. ಮಯ್ಯತ್ತಿನ ದಿನದ್ದೇ ಚಿಂತೆ. ಸ್ನಾನ ಮಾಡಿಸುವವರು ಗಂಡಸರೋ ಹೆಂಗಸರೋ ಎಂದು ಗುರುವಿನ ಹೆಣದ ಮುಂದೆಯೇ ಜಗಳವಾಯಿತು. ಕಡೆಗೆ ಚೇಲಾಗಳಾದ ನಾವೇ ನೀರು ಹಾಕಿದೆವು.”

1871ರಲ್ಲಿ ಆಂಗ್ಲ ಸರ್ಕಾರವು ಇಂಥವರ ಹೆಸರುಗಳನ್ನು ಪಟ್ಟಿಮಾಡಿಡಲು ಕಾಯಿದೆ ಮಾಡಿತು. 2014ನೆಯ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರನ್ನು ತೃತೀಯ ಲಿಂಗದವರೆಂದು ಮನ್ನಿಸಿತು. ಸ್ನಾನದ ಜಗಳವು ಅಲ್ಲಿಗೆ ಹೋಗುವಂಥದ್ದಲ್ಲ.

‘ನಾನು’, ‘ನೀನು’ ಎಂಬುವು ವಾಚ್ಯಲಿಂಗಗಳು, ಅವು ಯಾರನ್ನು ಸೂಚಿಸುವುವೋ ಅವರು ಯಾವ ಲಿಂಗವೋ ಪದವೂ ಅದೇ ಲಿಂಗ ಎಂದು ನಾವು ಎಷ್ಟೋ ವರ್ಷ ಹಲಗೆಯ ಮೇಲೆ ಬರೆದವರು. ಆದರೂ, ಒಬ್ಬ ಬಾಲಕನ ನಡಿಗೆಯನ್ನು ಕಂಡು ತರಗತಿಯು “ಅದು ಬಂತು” ಎಂದು ನಕ್ಕಾಗ ನಾವು ತಡೆಯಲಿಲ್ಲ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಇದನ್ನು ಅವರಿಗೆ ಹೇಳಿದೆವು. ಅವರು ಜಪಸರವನ್ನು ತಿರುಗಿಸುತ್ತ ಕಿಟಕಿಯ ಹೊರಗೆ ನೋಡಿದರು.

“ತಾಯಿ, ನಾವು ಇಳಿಯುವ ಊರು ಬಂತು,” ಎಂದೆವು. ಅವರು ಗಂಟು ಬಿಚ್ಚಿ, ಅಜ್ಮೀರದ ಸಕ್ಕರೆಕಾಳನ್ನು ಒಂದು ಹಿಡಿ ನಮ್ಮ ಮೇಲುಹೊದಿಕೆಯ ಅಂಚಿಗೆ ಹಾಕಿದರು.